ಪಾರ್ಕಮ್ಮನ ಹೋಟೆಲಿನ ಊಟ

ಡ್ಯೂಸ್‌ಬುರ್ಗ್, ಪಶ್ಚಿಮ ಜರ್ಮನಿ
14 ನವೆಂಬರ್ 1971

ಚೆಲುವಿಯ ಅಪ್ಪನವರಿಗೆ ಸುಂದ್ರಮ್ಮನ ನಮಸ್ಕಾರ.

ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಹಿಂದಿನ ಮೂರು ಕಾಗದಗಳಲ್ಲೂ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೆ. ಅದು ಸುಳ್ಳು. ಕೋಟೆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಹೆರಿಗೆ ಮಾಡಿಸಿದ ನನ್ನ ಕೈಗೆ ಇಲ್ಲಿ ನೆಲ ಒರೆಸುವ ಬಟ್ಟೆ ಕೊಟ್ಟಿದ್ದಾರೆ. ಜರ್ಮನ್ ಭಾಷೆಯ ಪರೀಕ್ಷೆ ಪಾಸಾಗುವ ತನಕ ನನ್ನ ಸರ್ಟಿಫಿಕೇಟು ಲೆಕ್ಕಕ್ಕಿಲ್ಲವಂತೆ. ಸಂಬಳ ನರ್ಸಿನದೇ, ಕೆಲಸ ಮಾತ್ರ ಆಯಾಳದು. ನನ್ನನ್ನು ಇಲ್ಲಿಗೆ ಬಾ ಎಂದು ಕರೆದ ನರ್ಸ್ ಏಲಿಯಮ್ಮನಿಗೂ ಬೇರೆ ಊರಿನಲ್ಲಿ ಇದೇ ಪಾಡು.

ಕೆಲಸವನ್ನಾದರೂ ಮಾಡಿಬಿಡಬಹುದು, ಊಟ ಮಾತ್ರ ಆಗುತ್ತಿರಲಿಲ್ಲ. ಮಧ್ಯಾಹ್ನ ಬೇಯಿಸಿದ ಆಲೂಗೆಡ್ಡೆ, ಸಂಜೆ ತಣ್ಣನೆಯ ಬ್ರೆಡ್ಡು. ಉಪ್ಪು ಬಿಟ್ಟರೆ ನಾಲಿಗೆಗೆ ತಾಗುವಂಥದ್ದು ಒಂದೂ ಇಲ್ಲ. ಯೂನಿಫಾರಂ ಸೊಂಟದ ಹತ್ತಿರ ಪಿನ್ನು ಹಾಕಿಕೊಂಡು ಓಡಾಡುತ್ತಿದ್ದೆ.

ನಿನ್ನೆ ಅದು ಬದಲಾಯಿತು. ನನ್ನ ಜೊತೆ ನೆಲ ಒರೆಸುವ ಇನ್ನೊಬ್ಬ ನರ್ಸ್ ಇದ್ದಾಳೆ, ಕೊರಿಯಾ ದೇಶದವಳು, ಹೆಸರು ಸುನ್‌ಜಾ. ನಾನು ಬಕೆಟ್ಟಿನ ಪಕ್ಕ ಕೂತು ಅಳುತ್ತಿದ್ದುದನ್ನು ನೋಡಿ ಕೈ ಹಿಡಿದು ಎಬ್ಬಿಸಿ ಟ್ರಾಮಿನಲ್ಲಿ ಕರೆದುಕೊಂಡು ಹೋದಳು. ಕಲ್ಲಿದ್ದಲ ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲಿ ಐದು ಮೇಜಿನ ಒಂದು ಹೋಟೆಲು. ಬೋರ್ಡು ಕೂಡ ಇಲ್ಲ. ಗಣಿಯಲ್ಲಿ ಬೆನ್ನು ಮುರಿದುಕೊಂಡ ಪಾರ್ಕ್ ಎಂಬವನೂ ಅವನ ಹೆಂಡತಿಯೂ ನಡೆಸುತ್ತಾರೆ. ಆಕೆಯ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನಾನು ಪಾರ್ಕಮ್ಮ ಎಂದೆ, ಆಕೆ ನಕ್ಕಳು.

ಸ್ಟೀಲಿನ ಬಟ್ಟಲಲ್ಲಿ ಬಿಸಿ ಅನ್ನ. ಮೇಲೆ ಸೊಪ್ಪು, ಮೊಳಕೆ ಕಾಳು, ಒಂದು ಮೊಟ್ಟೆ. ಪಕ್ಕದಲ್ಲಿ ಕೆಂಪಗೆ ರುಬ್ಬಿದ ಮೆಣಸಿನಕಾಯಿಯ ಕಾರ! ಕೋಸನ್ನು ಮೆಣಸಿನಪುಡಿ ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿದ್ದೂ ಇತ್ತು. ಮೊದಲ ತುತ್ತಿಗೆ ಮೂಗು ಕಣ್ಣು ಎರಡೂ ಹರಿದವು. ದನದ ಮಾಂಸ ಹಾಕಬೇಡಿ ಎನ್ನಲು ಭಾಷೆ ಬಾರದೆ ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ತೋರಿಸಿದೆ, ಪಾರ್ಕಮ್ಮನಿಗೆ ಅರ್ಥವಾಯಿತು. ನಂಚಿಕೊಳ್ಳುವುದನ್ನು ಮೂರು ಸಲ ತಂದು ಬಡಿಸಿದಳು, ಅದಕ್ಕೆ ಬೇರೆ ದುಡ್ಡಿಲ್ಲ. ಇಲ್ಲಿನ ಹೋಟೆಲುಗಳಲ್ಲಿ ಒಂದು ಕಾಫಿ, ಒಂದು ತುಂಡು ಕೇಕಿಗೆ ಕೇಳುವ ದುಡ್ಡಿಗೆ ನನ್ನ ಹೊಟ್ಟೆ ತುಂಬಿತು.

ಪಾಸ್‌ಪೋರ್ಟಿನ ಅರ್ಜಿ ಹಾಕಿದಿರಾ? ವರ್ಷ ತುಂಬುವುದರೊಳಗೆ ನೀವೂ ಚೆಲುವಿಯೂ ಬರುವುದೆಂದು ಮಾತಾಗಿದೆ. ಕಾಗದಪತ್ರ ಬಂದರೆ ಆಸ್ಪತ್ರೆಯವರು ಎರಡು ರೂಮಿನ ಮನೆ ಕೊಡುತ್ತಾರೆ. ತಡಮಾಡಬೇಡಿ. ಅತ್ತೆಯವರಿಗೆ ನಮಸ್ಕಾರ, ಚೆಲುವಿಗೆ ಮುತ್ತು.

ನಿಮ್ಮ
ಸುಂದ್ರಮ್ಮ


ಹುಣಸೂರು
12 ಡಿಸೆಂಬರ್ 1971

ಸುಂದ್ರಾ,

ನಿನ್ನ ಕಾಗದ ಯುದ್ಧದ ಗಲಾಟೆಯ ಮಧ್ಯೆ ತಲುಪಿತು. ಸ್ಕೂಲಿನಲ್ಲಿ ಪಾಠಕ್ಕಿಂತ ರೇಡಿಯೋ ಕೇಳುವುದೇ ಹೆಚ್ಚಾಗಿದೆ.

ಕಾಗದವನ್ನು ಅವ್ವನ ಮುಂದೆ ಓದಿದ್ದು ತಪ್ಪಾಯಿತು. "ಅಲ್ಲ ಕಣ್ಲಾ ಬಸವರಾಜು, ಚೀನಾದೋರು ನಮ್ಮುಡುಗ್ರುನ್ನ ಸಾಯ್ಸಿ ಇನ್ನೂ ಅತ್ತು ವರ್ಸ ಆಗಿಲ್ಲ. ನಿನ್ನೆಂಡ್ರು ಅವ್ರ ಓಟ್ಲಲ್ಲಿ ಉಣ್ತಾ ಕುಂತವ್ಳಾ?" ಎಂದಳು. ಅವರು ಚೀನಾದವರಲ್ಲ ಎಂದೆ. "ಕಣ್ಣು ಅಂಗೇ ಅಲ್ವಾ?" ಎಂದಳು. ಅವರು ನಾಯಿ ತಿನ್ನುತ್ತಾರೆಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ಅದನ್ನು ನಾನು ಅವ್ವನಿಗೆ ಹೇಳಿಲ್ಲ. ನೀನು ಏನು ತಿನ್ನುತ್ತಿದ್ದೀಯೆಂದು ನಿನಗೆ ಗೊತ್ತಿದ್ದರೆ ಸಾಕು.

ನೆಲ ಒರೆಸುವ ವಿಷಯ ಓದಿ ಬೇಸರವಾಯಿತು. ಅಷ್ಟು ಕಷ್ಟವಾದರೆ ವಾಪಸ್ಸು ಬಂದುಬಿಡಬಹುದು. ಕೋಟೆ ಆಸ್ಪತ್ರೆಯಲ್ಲಿ ನಿನ್ನ ಜಾಗ ಇನ್ನೂ ಖಾಲಿ ಇದೆ.

ಚೆಲುವಿ ಎರಡನೇ ಕ್ಲಾಸಿನಲ್ಲಿ ತಾನು ಕೂರುವ ಸಾಲಿಗೆ ಲೀಡರಾಗಿದ್ದಾಳೆ. ಜಡೆ ಹಾಕುವುದು ನನಗೆ ಇನ್ನೂ ಬಂದಿಲ್ಲ. ಒಂದು ಮೇಲೆ ಒಂದು ಕೆಳಗೆ ಆಗುತ್ತದೆ, ಹುಡುಗರು ರೇಗಿಸುತ್ತಾರಂತೆ.

ಅರ್ಜಿ ಹಾಕಿದ್ದೇನೆ.

ಇತಿ,
ಬಸವರಾಜು


ಡ್ಯೂಸ್‌ಬುರ್ಗ್
23 ಜನವರಿ 1972

ಚೆಲುವಿಯ ಅಪ್ಪನವರಿಗೆ,

ಅರ್ಜಿ ಹಾಕಿದ್ದೀರೆಂದು ಓದಿ ಆ ದಿನವೆಲ್ಲ ನೆಲ ಒರೆಸಿದ್ದೇ ತಿಳಿಯಲಿಲ್ಲ. ಮದರಾಸಿನ ಪಾಸ್‌ಪೋರ್ಟ್ ಆಫೀಸಿನಿಂದ ಉತ್ತರ ಬರಲು ಎಷ್ಟು ದಿನ ಬೇಕಂತೆ?

ಅತ್ತೆಯವರಿಗೆ ಹೇಳಿ: ಕೊರಿಯಾದವರು ಚೀನಾದವರಲ್ಲ. ಅವರ ದೇಶವನ್ನೂ ಮಧ್ಯಕ್ಕೆ ಕೊಯ್ದು ಎರಡು ಮಾಡಿದ್ದಾರೆ. ಸುನ್‌ಜಾಳ ಅಣ್ಣ ಆ ಕಡೆ ಉಳಿದು ಬದುಕಿದ್ದಾನೋ ಇಲ್ಲವೋ ತಿಳಿಯದು. ಹೆಡ್ ನರ್ಸಿಗೆ ನಮ್ಮಿಬ್ಬರ ಹೆಸರೂ ಒಂದೇ, 'ಸುನ್'. ಕರೆದಾಗ ಇಬ್ಬರೂ ಓಡುತ್ತೇವೆ, ಬೈಗುಳವನ್ನು ಇಬ್ಬರೂ ಹಂಚಿಕೊಳ್ಳುತ್ತೇವೆ. ಮೊನ್ನೆ ಒಬ್ಬ ಮುದುಕನಿಗೆ ಸೂಜಿ ಚುಚ್ಚಲು ಜರ್ಮನ್ ಹುಡುಗಿಯೊಬ್ಬಳು ನಾಲ್ಕು ಸಲ ಒದ್ದಾಡಿದಳು. ನರ ಸಿಗಲಿಲ್ಲ. ನಾನು ಬಕೆಟ್ಟು ಹಿಡಿದು ನಿಂತಿದ್ದೆ. ನನ್ನ ಬೆರಳಿಗೆ ಆ ನರ ದೂರದಿಂದಲೇ ಕಾಣುತ್ತಿತ್ತು. ಕೈ ಚಾಚಿದೆ. "ನೀನು ನೆಲ ನೋಡು" ಎಂದರು.

ಅಂಥ ದಿನ ಪಾರ್ಕಮ್ಮನ ಹೋಟೆಲು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಈಗ ಪ್ರತಿ ಭಾನುವಾರ ಹೋಗುತ್ತೇವೆ. ಚಳಿಗಾಲಕ್ಕೆಂದು ಹುಳಿ ಕೋಸನ್ನು ದೊಡ್ಡ ಜಾಡಿಗಳಲ್ಲಿ ತುಂಬಿ ಹಿತ್ತಲ ಮಂಜಿನಲ್ಲಿ ಹೂತಿಟ್ಟಿದ್ದಾಳೆ. ಹೊರಗೆ ಕೊರೆಯುವಾಗ ಒಳಗೆ ಕುದಿಯುವ ಸಾರು, ಅದರಲ್ಲಿ ಮೆಣಸಿನಕಾಯಿ. ಹಸಿ ಎಲೆಯೊಂದರಲ್ಲಿ ಅನ್ನ, ಕಾರ, ಬೆಳ್ಳುಳ್ಳಿ ಇಟ್ಟು ಮಡಿಸಿ ಕೈಯಲ್ಲೇ ಬಾಯಿಗಿಡುತ್ತಾರೆ. ಕೈಯಲ್ಲಿ ಉಣ್ಣುವ ಜನ ಈ ಊರಿನಲ್ಲಿ ನಾನೊಬ್ಬಳೇ ಅಲ್ಲ ಎಂದು ಕಂಡು ಎಷ್ಟು ಸಂತೋಷವಾಯಿತು ಗೊತ್ತೇ? ಗಣಿಯಿಂದ ಬಂದವರು ಉಗುರಿನ ಮಸಿ ಕೂಡ ಹೋಗದೆ ಪಕ್ಕದ ಮೇಜಿನಲ್ಲಿ ಉಣ್ಣುತ್ತಾರೆ. ಎಲ್ಲರಿಗೂ ಒಂದೇ ರೇಟು, ಬಡಿಸುವ ಕೈಯೂ ಒಂದೇ.

ಮನೆಯ ವಿಷಯ ಆಫೀಸಿನಲ್ಲಿ ಕೇಳಿದೆ. ನಿಮ್ಮ ಪಾಸ್‌ಪೋರ್ಟಿನ ನಂಬರು ಬಂದ ಕೂಡಲೇ ಪಟ್ಟಿಯಲ್ಲಿ ಹೆಸರು ಬರೆಯುತ್ತಾರೆ.

ಜಡೆ ಹಾಕುವಾಗ ಮೊದಲು ಬೈತಲೆ ಸರಿಯಾಗಿ ತೆಗೆಯಿರಿ, ಆಮೇಲೆ ಎರಡೂ ಒಂದೇ ಎತ್ತರಕ್ಕೆ ಬರುತ್ತವೆ.

ನಿಮ್ಮ
ಸುಂದ್ರಮ್ಮ


ಹುಣಸೂರು
20 ಫೆಬ್ರವರಿ 1972

ಸುಂದ್ರಮ್ಮನಿಗೆ,

ಚೆಲುವಿಗೆ ಮಂಗಬಾವು ಬಂದು ಹನ್ನೊಂದು ದಿನ ಮಲಗಿದ್ದಳು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಅವಳ ಕೆನ್ನೆಗೆ ಬೇವಿನ ಸೊಪ್ಪು ಅರೆದು ಹಚ್ಚುತ್ತಾ ಕೂತಿದ್ದಾಗ ನಿನ್ನ ಕಾಗದ ಬಂತು. ನಾಲ್ಕು ಪುಟ. ಅದರಲ್ಲಿ ಕೋಸು, ಸಾರು, ಬೆಳ್ಳುಳ್ಳಿ ಎಷ್ಟು ಬೇಕೋ ಅಷ್ಟಿದೆ. ಮಗಳ ವಿಷಯಕ್ಕೆ ಜಡೆಯ ಒಂದು ಸಾಲು.

ನೀನು ಕಷ್ಟಪಡಲು ಹೋಗಿದ್ದೀಯೆಂದು ನಾನು ಊರೆಲ್ಲ ಹೇಳಿಕೊಂಡಿದ್ದೇನೆ. ಭಾನುವಾರವೆಲ್ಲ ಹೋಟೆಲಿನಲ್ಲಿ ಗಣಿ ಗಂಡಸರ ಮಧ್ಯೆ ಕೂತು ಉಣ್ಣುತ್ತಾಳೆ ಎಂದು ಹೇಳಿಕೊಳ್ಳಲು ನನಗೆ ಆಗುವುದಿಲ್ಲ. ಇನ್ನು ಮುಂದೆ ಊಟದ ವಿಷಯ ಬರೆಯಬೇಡ.

ಅರ್ಜಿ ಪೊಲೀಸ್ ವಿಚಾರಣೆಗೆ ಬರಬೇಕು. ಇನ್ನೂ ಬಂದಿಲ್ಲ. ನನ್ನ ಕೈಯಲ್ಲಿ ಏನಿದೆ?

ಬಸವರಾಜು


ಡ್ಯೂಸ್‌ಬುರ್ಗ್
12 ಮಾರ್ಚ್ 1972

ನಿಮಗೆ ನಮಸ್ಕಾರ.

ಬಾವು ಇಳಿದ ಮೇಲೂ ಎರಡು ವಾರ ಹುಳಿ ಪದಾರ್ಥ ಕೊಡಬೇಡಿ. ಕಿವಿ ನೋವೆಂದರೆ ಡಾಕ್ಟರಿಗೆ ತೋರಿಸಿ, ಎಣ್ಣೆ ಬಿಡಬೇಡಿ. ಕಾಯಿಲೆ ಎಂದು ಒಂದು ತಂತಿಯಾದರೂ ಕೊಡಬಹುದಿತ್ತು. ನನಗೆ ತಿಳಿಯದ್ದಕ್ಕೆ ನಾನು ಅಳದೇ ಇದ್ದುದು ನನ್ನ ತಪ್ಪೇ?

ಇಲ್ಲಿ ಚಳಿ ಇದೆ. ಕೆಲಸ ನಡೆಯುತ್ತಿದೆ. ಭಾಷೆಯ ಪರೀಕ್ಷೆ ಮೇ ತಿಂಗಳಲ್ಲಿ.

ಸುಂದ್ರಮ್ಮ


ಹುಣಸೂರು
16 ಏಪ್ರಿಲ್ 1972

ಸುಂದ್ರಾ,

ನಿನ್ನ ಕಾಗದ ಆಸ್ಪತ್ರೆಯ ಚೀಟಿಯ ಹಾಗಿತ್ತು. ಸರಿ, ನಾನೇ ಬೇಡವೆಂದದ್ದು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಚೆಲುವಿ ಉಣ್ಣಲು ಹಟ ಮಾಡಿದಾಗಲೆಲ್ಲ ನಿನ್ನ ಹಳೆಯ ಕಾಗದ ತೆಗೆದು ಪಾರ್ಕಮ್ಮನ ಊಟದ ಭಾಗ ಓದುತ್ತಿದ್ದೆ. "ಕೊಂಬು ತೋರ್ಸಿದ್ದು ಓದು" ಎನ್ನುತ್ತಾಳೆ. ಅದನ್ನು ಕೇಳುತ್ತಾ ಒಂದು ಮುದ್ದೆ ಮುಗಿಸುತ್ತಾಳೆ. ಈ ಸಲದ ಕಾಗದ ತಿರುಗಿಸಿ ಮುರುಗಿಸಿ ನೋಡಿದಳು. "ಅಮ್ಮ ಉಂಡಿಲ್ವಾ?" ಎಂದು ಕೇಳಿದಳು. ಬಾಗಿಲ ಹತ್ತಿರ ಕೂತಿದ್ದ ಅವ್ವ ಕೂಡ, "ಯಾಕ್ಲಾ, ಆ ಎಂಗ್ಸು ಓಟ್ಲು ಮುಚ್ಬುಟ್ಳಾ?" ಎಂದು ಕೇಳಿದಳು.

ಕೆಳಗೆ ಚೆಲುವಿ ತಾನೇ ಬರೆದಿದ್ದಾಳೆ. ನಾನು ತಿದ್ದಿಲ್ಲ.

ಬಸವರಾಜು

ಅಮ್ಮ ನಿನು ಎನು ಊಟ ಮಾಡಿದೆ. ಪಾರಕಮ್ಮ ಎನು ಬಡಸಿದರು. ದೊಡ್ಡದಾಗಿ ಬರಿ. ನನಗೆ ಬಾವು ಹೊಯಿತು.
ಚೆಲುವಿ


ಡ್ಯೂಸ್‌ಬುರ್ಗ್
4 ಜೂನ್ 1972

ಚೆಲುವಿಯ ಅಪ್ಪನವರಿಗೆ, ಚೆಲುವಿಗೆ, ಅತ್ತೆಯವರಿಗೆ,

ಪರೀಕ್ಷೆ ಪಾಸಾಯಿತು! ನನಗೂ ಸುನ್‌ಜಾಗೂ ಈಗ ವಾರ್ಡಿನ ಕೆಲಸ. ಹೆಡ್ ನರ್ಸು ಮುಖ ಗಂಟು ಹಾಕಿಕೊಂಡೇ ಕೈ ಕುಲುಕಿದಳು.

ಚೆಲುವಿ, ಪಾರ್ಕಮ್ಮ ಹೋಟೆಲು ಮುಚ್ಚಿಲ್ಲ. ಪಾಸಾದ ದಿನ ಅವಳೇ ಬಾಗಿಲಿಗೆ ಬಂದು ನಮ್ಮನ್ನು ಒಳಗೆ ಎಳೆದುಕೊಂಡಳು. ಸಮುದ್ರದಲ್ಲಿ ಬೆಳೆಯುವ ಕಪ್ಪು ಸೊಪ್ಪಿನ ಸಾರು ಮಾಡಿದ್ದಳು. ಹುಟ್ಟುಹಬ್ಬಕ್ಕೆ, ಬಾಣಂತಿಗೆ ಅದನ್ನೇ ಕೊಡುತ್ತಾರಂತೆ. ಜಾರುತ್ತದೆ, ಲೋಳೆ ಲೋಳೆ. ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಬಟ್ಟಲು ಖಾಲಿ ಮಾಡಿದೆ. ಆಮೇಲೆ ಈರುಳ್ಳಿ ಸೊಪ್ಪು ಹಾಕಿದ ದೋಸೆ ಬಂತು. ಹೌದು ಕಣೇ, ದೋಸೆಯೇ! ದಪ್ಪಗೆ, ಅಂಚು ಗರಿಗರಿ. ಐದು ಮೇಜಿನವರೂ ಚಪ್ಪಾಳೆ ತಟ್ಟಿದರು. ನಿನ್ನ ಫೋಟೋ ಪಾರ್ಕಮ್ಮ ಇಸಿದುಕೊಂಡು ಗಲ್ಲಾದ ಹಿಂದೆ ಅಂಟಿಸಿದ್ದಾಳೆ. ನೀನು ಬಂದರೆ ಮೊದಲ ಊಟಕ್ಕೆ ದುಡ್ಡು ಬೇಡವಂತೆ.

ಇನ್ನು ನಿಮಗೆ. ಎರಡು ರೂಮಿನ ಮನೆ ನನ್ನ ಹೆಸರಿಗೆ ಬಂದಿದೆ. ನಿಮ್ಮ ಪಾಸ್‌ಪೋರ್ಟಿನ ನಂಬರು ಆಮೇಲೆ ಕೊಡುತ್ತೇನೆಂದು ಬೇಡಿಕೊಂಡೆ. ಆಗಸ್ಟ್ ಕೊನೆಯೊಳಗೆ ಕೊಡದಿದ್ದರೆ ಮನೆ ವಾಪಸ್ಸು ತೆಗೆದುಕೊಳ್ಳುತ್ತಾರೆ. ನಾನು ಆಗಲೇ ಅಲ್ಲಿದ್ದೇನೆ. ಮೇಜು ಬಂದಿದೆ, ಚೆಲುವಿಗೆ ಕಿಟಕಿಯ ಪಕ್ಕ ಮಂಚ ಹಾಕಿದ್ದೇನೆ. ಏಲಿಯಮ್ಮನ ತಮ್ಮ ಮದರಾಸಿನಲ್ಲೇ ಕೆಲಸದಲ್ಲಿದ್ದಾನೆ. ನಿಮ್ಮ ಅರ್ಜಿಯ ನಂಬರು, ಕಳಿಸಿದ ತಾರೀಕು ಬರೆದರೆ ಅವನು ಖುದ್ದಾಗಿ ಹೋಗಿ ವಿಚಾರಿಸುತ್ತಾನೆ. ದಯವಿಟ್ಟು ಮರುಟಪಾಲಿಗೆ ಕಳಿಸಿ.

ನಿಮ್ಮ
ಸುಂದ್ರಮ್ಮ


ಹುಣಸೂರು
9 ಜುಲೈ 1972

ಸುಂದ್ರಾ,

ಪಾಸಾದದ್ದು ಸಂತೋಷ. ಚೆಲುವಿ ಬೀದಿಯಲ್ಲೆಲ್ಲ ದೋಸೆಯ ವಿಷಯ ಹೇಳಿಕೊಂಡು ಬಂದಳು.

ಸ್ಕೂಲು ಶುರುವಾಗಿದೆ. ಇನ್‌ಸ್ಪೆಕ್ಷನ್ ಇದೆ. ಚುಂಚನಕಟ್ಟೆಯ ಗದ್ದೆಗೆ ಭತ್ತದ ಸಸಿಯ ಒಟ್ಲು ಬಿಡಿಸಲು ಎರಡು ಸಲ ಹೋಗಿಬಂದೆ. ಈ ಓಡಾಟದಲ್ಲಿ ಅರ್ಜಿಯ ರಸೀತಿ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಹುಡುಕಿ ಬರೆಯುತ್ತೇನೆ. ಏಲಿಯಮ್ಮನ ತಮ್ಮನಿಗೆಲ್ಲ ತೊಂದರೆ ಕೊಡುವುದು ಬೇಡ. ಸರ್ಕಾರದ ಕೆಲಸ, ಅದರಷ್ಟಕ್ಕೆ ಆಗುತ್ತದೆ.

ಬಸವರಾಜು


ಡ್ಯೂಸ್‌ಬುರ್ಗ್
10 ಸೆಪ್ಟೆಂಬರ್ 1972

ಬಸವರಾಜು ಅವರಿಗೆ,

ಏಲಿಯಮ್ಮನ ತಮ್ಮ ಹೋಗಿ ವಿಚಾರಿಸಿದ. ಹೆಸರು, ಊರು, ತಂದೆಯ ಹೆಸರು ಎಲ್ಲ ಕೊಟ್ಟಿದ್ದೆ. ನವೆಂಬರಿನಿಂದ ಈಚೆಗೆ ಬಂದ ಅರ್ಜಿಗಳ ಪುಸ್ತಕವನ್ನು ಪುಟ ಪುಟ ನೋಡಿದ್ದಾರೆ. ಹುಣಸೂರಿನ ಬಸವರಾಜು ಎಂಬವರ ಅರ್ಜಿ ಬಂದೇ ಇಲ್ಲ.

ಅವನ ಕಾಗದ ಕೈಗೆ ಸಿಕ್ಕಿದ್ದು ಭಾನುವಾರ ಹೊರಡುವ ಹೊತ್ತಿಗೆ. ಟ್ರಾಮಿನಲ್ಲಿ ಓದಿಕೊಂಡೆ. ಪಾರ್ಕಮ್ಮ ಬಟ್ಟಲು ಇಟ್ಟಳು. ಕಲಸಿದೆ. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಆಕೆ ಬಂದು ಪಕ್ಕದಲ್ಲಿ ಕೂತಳು. ಆಕೆಗೆ ಜರ್ಮನ್ ಬರುವುದು ನಾಲ್ಕೇ ಪದ. "ಗಂಡ ಬರೋದಿಲ್ಲ" ಎಂದೆ. "ಸತ್ತನಾ?" ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಉಣ್ಣು ಎಂದು ಚಮಚ ನನ್ನ ಕೈಗೆ ತುರುಕಿದಳು. ಆಕೆಯ ಮೇಲೆ ಕೂಗಾಡಿ ಎದ್ದು ಬಂದೆ. ಇಷ್ಟು ದಿನ ಅನ್ನ ಹಾಕಿದವಳ ಮೇಲೆ.

ಮನೆ ಹೋಯಿತು. ತುರ್ಕಿಯ ಒಂದು ಸಂಸಾರಕ್ಕೆ ಕೊಟ್ಟರು. ಮಂಚ ಹೊರಿಸಲು ಅವರಿಗೆ ನಾನೇ ಸಹಾಯ ಮಾಡಿದೆ. ನಾನು ಮತ್ತೆ ನರ್ಸುಗಳ ಹಾಸ್ಟೆಲಿನಲ್ಲಿದ್ದೇನೆ.

ಹತ್ತು ತಿಂಗಳು ನೀವು ನನಗೆ ಪೊಲೀಸ್ ವಿಚಾರಣೆ, ರಸೀತಿ ಎಂದು ಬರೆದಿರಿ. ಹುಣಸೂರಿನ ಮೇಷ್ಟ್ರು ಸುಳ್ಳು ಹೇಳುವುದಿಲ್ಲವೆಂದು ನಾನು ಇಲ್ಲಿ ಆಫೀಸಿನವರ ಹತ್ತಿರ ಜಗಳವಾಡಿದೆ. ಯಾಕೆ ಹೀಗೆ ಮಾಡಿದಿರಿ? ಕಾರಣ ಬರೆಯಿರಿ. ಬೇರೇನೂ ಬರೆಯಬೇಡಿ.

ಸುಂದ್ರಮ್ಮ


ಹುಣಸೂರು
8 ಅಕ್ಟೋಬರ್ 1972

ಸುಂದ್ರಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯದೆ ಡಬ್ಬಿಗೆ ಹಾಕುತ್ತೇನೆ.

ಅರ್ಜಿ ತುಂಬಿದ್ದು ನಿಜ. ಅದಕ್ಕೆ ಅಧಿಕಾರಿಯ ರುಜು ಹಾಕಿಸಲು ಮೈಸೂರಿಗೆ ಎರಡು ಸಲ ಹೋದೆ. ಎರಡು ಸಲವೂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಕಾಫಿ ಕುಡಿದು, ಮುಂದಿನ ಬಸ್ಸಿಗೆ ವಾಪಸ್ಸು ಬಂದೆ. ಅದು ಈಗಲೂ ನನ್ನ ಚೀಲದಲ್ಲಿದೆ, ಮಡಿಕೆಯಲ್ಲಿ ಹರಿಯುತ್ತಿದೆ.

ನೀನು ಹೊರಟ ವಾರವೇ ಸ್ಟಾಫ್ ರೂಮಿನಲ್ಲಿ ಪುಟ್ಟಮಲ್ಲಪ್ಪ ಮೇಷ್ಟ್ರು ಎಲ್ಲರ ಮುಂದೆ ಕೇಳಿದರು. "ಅಲ್ಲ ಕಣ್ರೀ, ಅಮ್ಮಾವ್ರು ಡ್ಯೂಟಿಗೋದ್ರೆ ನೀವಲ್ಲಿ ಏನ್ ಮಾಡೀರಿ? ಮುಸುರೆ ತಿಕ್ಕೀರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಕೆಟ್ಟವರಲ್ಲ, ತಮಾಷೆಗೆ ಅಂದದ್ದು. ಆದರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಾಗಲೆಲ್ಲ ಆ ಮುಸುರೆಯೇ ಕಣ್ಣಿಗೆ ಬರುತ್ತಿತ್ತು. ಇಲ್ಲಿ ಬೀದಿಗಿಳಿದರೆ ಹತ್ತು ಜನ ನಮಸ್ಕಾರ ಮೇಷ್ಟ್ರೇ ಎನ್ನುತ್ತಾರೆ. ಒಂಬತ್ತು ವರ್ಷ ಹೆರಿಗೆ ಮಾಡಿಸಿದ ನಿನ್ನ ಸರ್ಟಿಫಿಕೇಟಿಗೇ ಅಲ್ಲಿ ಬಕೆಟ್ಟು ಕೊಟ್ಟರು. ಕನ್ನಡ ಮೇಷ್ಟ್ರಿಗೆ ಏನು ಕೊಡುತ್ತಾರೆ?

ಇಷ್ಟನ್ನು ಹೇಳಿಬಿಡಬಹುದಿತ್ತು. ಹೇಳದೇ ಇದ್ದುದಕ್ಕೆ ಇನ್ನೊಂದು ಕಾರಣವಿದೆ. ನೀನು ಆಲೂಗೆಡ್ಡೆ ಬ್ರೆಡ್ಡು ತಿಂದು ಸೊರಗಿದ್ದೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನನಗೆ ಅಳು ಬಂತು, ಜೊತೆಗೆ ಒಂದು ಸಮಾಧಾನವೂ ಬಂತು. ಇನ್ನು ಆರು ತಿಂಗಳು, ಅವಳೇ ಬರುತ್ತಾಳೆ ಎಂದುಕೊಂಡೆ. ಅದೇ ಕಾಗದದಲ್ಲಿ ಪಾರ್ಕಮ್ಮ ಬಂದಳು. ಆಮೇಲೆ ಪ್ರತಿ ಕಾಗದಕ್ಕೂ ನಿನ್ನ ಹೊಟ್ಟೆ ತುಂಬುತ್ತಾ ಹೋಯಿತು. ನೀನು ಹಸಿದಿದ್ದರೆ ವಾಪಸ್ಸು ಬರುತ್ತಿದ್ದೆ. ಯಾರೋ ಗುರುತು ಪರಿಚಯ ಇಲ್ಲದ ಹೆಂಗಸು ಚೂರು ದುಡ್ಡಿಗೆ ಅನ್ನ ಬಡಿಸಿ ನಿನ್ನನ್ನು ಅಲ್ಲೇ ಉಳಿಸಿಕೊಂಡುಬಿಟ್ಟಳು. ನಾಯಿ, ಚೀನಾ ಎಂದೆಲ್ಲ ಬರೆದದ್ದು ಅದಕ್ಕೆ. ಹೆಂಡತಿ ಹಸಿದಿರಲಿ ಎಂದು ಬಯಸಿದ ಗಂಡ ನಾನು. ಇದನ್ನು ಬರೆಯಲು ಒಂದು ವರ್ಷ ಬೇಕಾಯಿತು.

ಬಸವರಾಜು


ಡ್ಯೂಸ್‌ಬುರ್ಗ್
12 ನವೆಂಬರ್ 1972

ಚೆಲುವಿಯ ಅಪ್ಪನವರಿಗೆ,

ನಿಮ್ಮ ಕಾಗದ ಓದಿದೆ. ಸಿಟ್ಟು ಇಳಿದಿಲ್ಲ. ಇಳಿದಿದೆಯೆಂದು ಬರೆದರೆ ಈಗ ಸುಳ್ಳಿನ ಸರದಿ ನನ್ನದಾಗುತ್ತದೆ.

ನಾನು ನಿಮ್ಮನ್ನು ಬಿಟ್ಟು ಉಂಡೆನೆಂದು ಅಲ್ಲವೇ ನಿಮ್ಮ ನೋವು? ಆ ಹೋಟೆಲಿನಲ್ಲಿ ನನ್ನ ಎದುರಿನ ಕುರ್ಚಿಯಲ್ಲಿ ಯಾವತ್ತೂ ಚೀಲ ಇಟ್ಟಿರುತ್ತಿದ್ದೆ, ಬೇರೆಯವರು ಕೂರದಿರಲಿ ಎಂದು. ಅದನ್ನು ನಿಮಗೆ ಬರೆಯಲಿಲ್ಲ. ಊಟ ಚೆನ್ನಾಗಿದೆ ಎಂದರೆ ನೀವೂ ಬನ್ನಿ ಎಂದು ಅರ್ಥವಾಗುತ್ತದೆಂದು ತಿಳಿದಿದ್ದೆ.

ಪಾರ್ಕಮ್ಮನ ಹತ್ತಿರ ಕ್ಷಮೆ ಕೇಳಲು ಹೋದೆ. ಬಾಗಿಲಲ್ಲಿ ನಿಂತೆ. ಆಕೆ ಒಂದು ಬುಟ್ಟಿ ಬೆಳ್ಳುಳ್ಳಿ ಮುಂದಿಟ್ಟಳು. ಸಂಜೆ ತನಕ ಸುಲಿದುಕೊಟ್ಟೆ. ಆಮೇಲೆ ಬಡಿಸಿದಳು.

ಈಗ ಕೇಳಿ. ಏಪ್ರಿಲಿನಲ್ಲಿ ಆರು ವಾರ ರಜೆ ಇದೆ, ಬರುತ್ತೇನೆ. ವಾಪಸ್ಸು ಹೋಗುವಾಗ ಚೆಲುವಿಯನ್ನು ಕರೆದುಕೊಂಡು ಹೋಗುತ್ತೇನೆ. ಅವಳ ಹೆಸರನ್ನು ನನ್ನ ಪಾಸ್‌ಪೋರ್ಟಿಗೆ ಸೇರಿಸಲು ತಂದೆಯ ಒಪ್ಪಿಗೆ ಪತ್ರ ಬೇಕು. ರುಜು ಮಾಡಿ ಕಳಿಸಿ. ನಿಮ್ಮ ವಿಷಯ ನಿಮಗೆ ಬಿಟ್ಟದ್ದು. ಮಗಳ ವಿಷಯದಲ್ಲಿ ಇನ್ನೊಂದು ವರ್ಷ ಕಾಯಲು ನನ್ನಿಂದ ಆಗುವುದಿಲ್ಲ.

ಸುಂದ್ರಮ್ಮ


ಹುಣಸೂರು
31 ಡಿಸೆಂಬರ್ 1972

ಸುಂದ್ರಾ,

ಒಪ್ಪಿಗೆ ಪತ್ರ ಇದರ ಜೊತೆಗಿದೆ.

ಆರು ವಾರ ತಡಮಾಡಿದೆ. ಮಗು ಇಲ್ಲದ ಮನೆಯನ್ನು ನೆನೆಸಿಕೊಂಡರೆ ಪೆನ್ನು ಏಳುತ್ತಿರಲಿಲ್ಲ. ಕೊನೆಗೆ ಅವ್ವ ಹತ್ತಿರ ಬಂದು ಕೂತಳು. "ಏನ್ಲಾ ಅದು ಕಾಗ್ಜ, ದಿನಾ ತಗೀತೀಯ, ಮಡಗ್ತೀಯ?" ಎಂದಳು. ಹೇಳಿದೆ. "ನಿಮ್ಮಪ್ಪ ನನ್ನ ತೌರಿಗೆ ಕಳುಸ್ದೆ ಏಳು ವರ್ಸ ಕೂರ್ಸಿದ್ದ. ಒಳ್ಳೇನೇ, ಒಡೀತಿರ್ಲಿಲ್ಲ ಬಡೀತಿರ್ಲಿಲ್ಲ. ಆದ್ರೆ ನಾನದ ಇನ್ನೂ ಮರ್ತಿಲ್ಲ ಕಣ್ಮಗ. ಸೈನ್ ಆಕ್ಬುಡು" ಎಂದಳು.

ಅಪ್ಪನ ಬಗ್ಗೆ ಅವಳು ಹಾಗೆ ಮಾತಾಡಿದ್ದು ನಾನು ಕೇಳಿದ್ದು ಇದೇ ಮೊದಲು.

ಬರುವ ತಾರೀಕು ತಿಳಿಸು. ಮೈಸೂರಿಗೆ ಬಂದಿರುತ್ತೇನೆ.

ಬಸವರಾಜು


ಡ್ಯೂಸ್‌ಬುರ್ಗ್
17 ಜೂನ್ 1973

ಚೆಲುವಿಯ ಅಪ್ಪನವರಿಗೆ ನಮಸ್ಕಾರ.

ಕ್ಷೇಮವಾಗಿ ತಲುಪಿ ಮೂರು ವಾರವಾಯಿತು. ಮಗುವಿದೆಯೆಂದು ಆಸ್ಪತ್ರೆಯವರು ಒಂದು ರೂಮಿನ ಮನೆ ಕೊಟ್ಟಿದ್ದಾರೆ. ಆರು ವಾರ ಒಂದೇ ಮನೆಯಲ್ಲಿದ್ದು ನಾವು ಆಡಿದ್ದು ಸಾಮಾನು, ಬಸ್ಸು, ಚೆಲುವಿಯ ಸ್ವೆಟರಿನ ಮಾತು ಮಾತ್ರ. ಬೇಕಾದ್ದನ್ನು ಆಡಲು ನನಗೂ ಬಾಯಿ ಬರಲಿಲ್ಲ, ನಿಮಗೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಭಾನುವಾರವೇ ಅವಳನ್ನು ಪಾರ್ಕಮ್ಮನ ಹೋಟೆಲಿಗೆ ಕರೆದುಕೊಂಡು ಹೋದೆ. ಟ್ರಾಮಿನಲ್ಲಿ ಕುಣಿಯುತ್ತಿದ್ದಳು. ಪಾರ್ಕಮ್ಮ ಬೆಳಗಿನಿಂದ ಅಡಿಗೆ ಮಾಡಿದ್ದಳು. ಮೇಜಿನ ತುಂಬ ಬಟ್ಟಲು, ನಡುವೆ ದೋಸೆ. ಗಣಿಯವರು ಬಂದು ಮಾತಾಡಿಸಿದರು. ಚೆಲುವಿ ಒಂದು ತುತ್ತು ಬಾಯಿಗಿಟ್ಟಳು. ನನ್ನ ಮುಖ ನೋಡಿದಳು. ಕೈಯೊಳಕ್ಕೆ ಉಗುಳಿಬಿಟ್ಟಳು.

"ಇದು ಅದಲ್ಲ" ಎಂದಳು. ಅದೇ ಕಣೇ ಎಂದೆ. "ಅಲ್ಲ. ಅಪ್ಪ ಓದ್ತಿದ್ದಾಗ ಚೆನ್ನಾಗಿತ್ತು" ಎಂದು ಜೋರಾಗಿ ಅಳತೊಡಗಿದಳು. ದೋಸೆ ಮುಟ್ಟಲಿಲ್ಲ, ಬರೀ ಅನ್ನವನ್ನೂ ಮುಟ್ಟಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ ಅಷ್ಟು ಜನರ ಮುಂದೆ ಮಗುವಿನ ಬೆನ್ನಿಗೆ ಗುದ್ದಿದೆ. ಎರಡು ವರ್ಷ ನಾನು ಕನಸು ಕಂಡದ್ದು ಆ ಒಂದು ಊಟಕ್ಕಾಗಿ. ಪಾರ್ಕಮ್ಮ ನನ್ನ ಕೈ ಹಿಡಿದು ದೂರ ಕೂರಿಸಿದಳು. ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದಳು. ಬೇಜಾರಾದದ್ದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

ಆ ಊಟದ ರುಚಿಯಲ್ಲಿ ಅರ್ಧ ನಿಮ್ಮ ದನಿಯದಾಗಿತ್ತು, ನನಗೆ ಗೊತ್ತೇ ಇರಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ಇವತ್ತು ಹೇಳಲಾರೆ. ನೀವು ಇಲ್ಲಿ ಬಂದರೆ ಸುಖವಾಗಿರುತ್ತೀರೆಂದೂ ಹೇಳಲಾರೆ. ಮೊದಲ ವರ್ಷ ನಿಮಗೂ ಬಕೆಟ್ಟೇ ಸಿಗಬಹುದು. ಪುಟ್ಟಮಲ್ಲಪ್ಪನವರು ಹೇಳಿದ ಮುಸುರೆಯೇ ಸಿಗಬಹುದು. ನಾನು ತಿಕ್ಕಿದ್ದೇನೆ, ಸತ್ತಿಲ್ಲ. ಆದರೆ ಏಲಿಯಮ್ಮ ಮತ್ತು ನಾನು ಸೇರಿ ಒಂದು ಯೋಚನೆ ಮಾಡಿದ್ದೇವೆ. ಈ ಸುತ್ತಿನ ಊರುಗಳಲ್ಲಿ ನಮ್ಮ ಕಡೆಯ ನರ್ಸುಗಳು ಹದಿನಾಲ್ಕು ಜನ ಇದ್ದಾರೆ. ಕೆಲವರ ಮಕ್ಕಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಶನಿವಾರ ಮಧ್ಯಾಹ್ನ ಹೋಟೆಲು ಖಾಲಿ ಇರುತ್ತದೆ, ನೀವು ಪಾಠ ಹೇಳಲು ಎರಡು ಮೇಜು ಕೊಡುತ್ತೇನೆಂದು ಪಾರ್ಕಮ್ಮ ಒಪ್ಪಿದ್ದಾಳೆ. ಸಂಬಳ ಇಲ್ಲ. ಊಟ ಇದೆ.

ಹೊಸ ಅರ್ಜಿ ಇದರೊಳಗಿದೆ. ಹೆಸರು, ಊರು ನಾನೇ ತುಂಬಿದ್ದೇನೆ. ಉದ್ಯೋಗ ಎನ್ನುವ ಕಡೆ ಉಪಾಧ್ಯಾಯರು ಎಂದು ಬರೆದಿದ್ದೇನೆ. ರುಜುವಿನ ಜಾಗ ಖಾಲಿ ಇದೆ. ಈ ಸಲ ಮೈಸೂರಿಗೆ ಹೋದರೆ ಬೆಂಚಿನ ಮೇಲೆ ಕೂರಬೇಡಿ. ಹೋಗುವುದಿಲ್ಲವಾದರೆ ಹೋಗುವುದಿಲ್ಲವೆಂದೇ ಬರೆದುಬಿಡಿ. ಅತ್ತೆಯವರನ್ನು ಯಾರು ನೋಡಿಕೊಳ್ಳುತ್ತಾರೆಂದು ನೀವು ಕೇಳುತ್ತೀರಿ. ಅವರನ್ನು ನಾನು ಹೊರಡುವ ಹಿಂದಿನ ದಿನ ಕೇಳಿದೆ. ಚುಂಚನಕಟ್ಟೆಯಲ್ಲಿ ತಂಗಿ ಸಾಕು, ಗದ್ದೆ ಸಾಕು ಎಂದರು.

ಇವತ್ತೂ ಭಾನುವಾರ. ಹೋಟೆಲಿಗೆ ಬರುವುದಿಲ್ಲವೆಂದು ಚೆಲುವಿ ಮಂಚದ ಕೆಳಗೆ ಹೋಗಿ ಕೂತಿದ್ದಾಳೆ. ಅನ್ನ ಮಾಡಿ ಮೊಸರು ಕಲಸಿಟ್ಟಿದ್ದೇನೆ. ನನ್ನ ಹಳೆಯ ಕಾಗದಗಳನ್ನು ನೀವು ಅವಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದೀರಿ. ಒಂದನ್ನು ತೆಗೆದು ಓದಿದೆ. ಕೊಂಬಿನ ಭಾಗ ಬಂದಾಗ, "ಅಪ್ಪ ಅಂಗೆ ಓದಲ್ಲ" ಎಂದು ಮಂಚದ ಕೆಳಗಿನಿಂದಲೇ ಹೇಳಿದಳು. ಹೇಗೆ ಓದುತ್ತಿದ್ದಿರಿ? ಅದನ್ನಾದರೂ ಬರೆದು ಕಳಿಸಿ.

ಸುಂದ್ರಮ್ಮ